ಸಣ್ಣ ವಿಮಾನದ ಎಂಜಿನ್ ಕೈಕೊಡುವ ಮೊದಲು: ಹ್ಯಾಂಗರ್‌ನಿಂದ ರನ್‌ವೇವರೆಗೆ ನೋಡಬೇಕಾದ್ದು

ಒಂದು ಮಳೆಗಾಲದ ಬೆಳಿಗ್ಗೆ ವಿದ್ಯಾರ್ಥಿಯೊಬ್ಬ ಎರಡು ಸೀಟಿನ ತರಬೇತಿ ವಿಮಾನ ಸೆಸ್ನಾ 152ರ ರೆಕ್ಕೆಯಡಿಯಿಂದ ಪೆಟ್ರೋಲ್ ಸ್ಯಾಂಪಲ್ ಹಿಡಿದು ತಂದ. "ಸರ್, ಕ್ಲಿಯರ್ ಇದೆ. ಒಂದು ಹನಿ ನೀರೂ ಇಲ್ಲ" ಅಂದ. ಅವನು ಹೇಳಿದ್ದು ಒಂದು ಲೆಕ್ಕಕ್ಕೆ ಸರಿಯೇ. ಪೆಟ್ರೋಲಿನ ತಳದಲ್ಲಿ ನೀರಿನ ಹನಿ ಕಾಣಲಿಲ್ಲ, ಯಾಕಂದ್ರೆ ಆ ಕಪ್ಪಿನಲ್ಲಿ ಪೆಟ್ರೋಲೇ ಇರಲಿಲ್ಲ. ಇದ್ದದ್ದೆಲ್ಲ ನೀರು.

ವಿಮಾನದ ಪೆಟ್ರೋಲು, ಅಂದ್ರೆ ಹಂಡ್ರೆಡ್ ಲೋ ಲೆಡ್, ತಿಳಿ ನೀಲಿ ಬಣ್ಣದ್ದು. ಕಪ್ಪನ್ನು ಬಿಳಿ ರೆಕ್ಕೆಗೆ ಹಿಡಿದು ನೋಡಿದೆವು, ನೀಲಿ ಇಲ್ಲ. ಮೂಸಿದೆವು, ವಾಸನೆ ಇಲ್ಲ. ಹಿಂದಿನ ರಾತ್ರಿ ಜೋರು ಮಳೆ ಬಂದಿತ್ತು. ಟ್ಯಾಂಕಿನ ಮುಚ್ಚಳದ ರಬ್ಬರ್ ರಿಂಗು ಒಣಗಿ ಬಿರುಕು ಬಿಟ್ಟಿತ್ತು. ಅದೇ ವಿಮಾನ ಹೊರಟಿದ್ದರೆ ಪೈಪಿನಲ್ಲಿ ಉಳಿದ ಪೆಟ್ರೋಲಿನ ಮೇಲೆ ಸ್ಟಾರ್ಟ್ ಆಗಿ, ಟ್ಯಾಕ್ಸಿ ಮಾಡಿ, ರನ್‌ವೇ ಬಿಟ್ಟ ಮೇಲೆ ಎಂಜಿನ್ ನಿಲ್ಲುತ್ತಿತ್ತು.

ಹ್ಯಾಂಗರಿನಲ್ಲಿ ಬಹಳ ವರ್ಷ ಕಳೆದವನಾಗಿ ನನಗೆ ಅನ್ನಿಸೋದು ಇಷ್ಟು: ಎಂಜಿನ್ ನಿಲ್ಲೋದು ಮೇಲೆ, ಆದರೆ ಅದು ನಿಲ್ಲುತ್ತೆ ಅನ್ನೋ ಸುಳಿವು ಎಷ್ಟೋ ಸಲ ನೆಲದಲ್ಲೇ ಸಿಕ್ಕಿರುತ್ತೆ. ಯಾರೋ ನೋಡಿರೋದಿಲ್ಲ, ಇಲ್ಲವೇ ನೋಡಿಯೂ ಬರೆದಿರೋದಿಲ್ಲ. ಈಗ ನಮ್ಮ ಕಡೆಯ ಎಷ್ಟೋ ಹುಡುಗ ಹುಡುಗಿಯರು ಫ್ಲೈಯಿಂಗ್ ಕಲಿಯುತ್ತಿದ್ದಾರೆ. ಅವರಿಗಾಗಿ ಇದನ್ನು ಕೆಲಸ ನಡೆಯುವ ಕ್ರಮದಲ್ಲೇ ಬರೆದಿದ್ದೇನೆ. ಅಂಕಿಗಳೆಲ್ಲ ಸೆಸ್ನಾ 152 ಮತ್ತು 172ರವು. ನಿಮ್ಮ ವಿಮಾನದ ಕೈಪಿಡಿ ಬೇರೆ ಹೇಳಿದರೆ ಅದೇ ಕೊನೆ ಮಾತು.

ಮೊದಲು ಪುಸ್ತಕ, ಆಮೇಲೆ ವಿಮಾನ

ಟೆಕ್ ಲಾಗ್, ಅಂದ್ರೆ ವಿಮಾನದ ಹಾರಾಟ ಮತ್ತು ರಿಪೇರಿ ಬರೆದಿಡುವ ಪುಸ್ತಕ, ತೆಗೆದು ಹಿಂದಿನ ಹತ್ತು ಹಾರಾಟದ ಪುಟ ತಿರುವಿ. ಸಹಿ ಇದೆಯಾ ಅಂತ ನೋಡಿ ಮುಚ್ಚಿಡಬೇಡಿ. ಯಾವ ಸ್ನ್ಯಾಗ್, ಅಂದ್ರೆ ದೋಷ, ಬರೆದಿದ್ದಾರೆ, ಅದಕ್ಕೆ ಏನು ಮಾಡಿದ್ದಾರೆ ಅಂತ ಓದಿ. "ಎಂಜಿನ್ ರಫ್" ಅಂತ ಒಬ್ಬರು ಬರೆದಿರುತ್ತಾರೆ. "ಗ್ರೌಂಡ್ ರನ್ ಮಾಡಲಾಯಿತು, ಸರಿಯಿದೆ" ಅಂತ, ಅಂದ್ರೆ ನೆಲದಲ್ಲೇ ಓಡಿಸಿ ನೋಡಿದೆವು ಅಂತ, ಕೆಳಗೆ ಮುಗಿಸಿರುತ್ತಾರೆ. ಒಂದು ಸಲ ಆದರೆ ಪರವಾಗಿಲ್ಲ. ಅದೇ ಮಾತು ಎರಡು ವಾರದಲ್ಲಿ ಮೂರು ಸಲ ಬಂದಿದ್ದರೆ ರೋಗ ಹಾಗೇ ಇದೆ ಅಂತ ಅರ್ಥ. ನಾಲ್ಕನೆಯ ಸಲ ಬರೆಯುವವರು ನೀವಾಗೋದು ಬೇಡ. ಹೋಗಿ ಎಂಜಿನಿಯರನ್ನು ಕೇಳಿ.

ಇನ್ನೊಂದು ನೋಡಬೇಕಾದ್ದು: ನಿನ್ನೆ ಮೊನ್ನೆ ಎಂಜಿನ್ನಿಗೆ ಕೈ ಹಾಕಿದ್ದಾರಾ? ಸಿಲಿಂಡರ್, ಮ್ಯಾಗ್ನೆಟೊ (ಪ್ಲಗ್ಗಿಗೆ ಕಿಡಿ ಕೊಡುವ ಸಾಧನ), ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ) ಬಿಚ್ಚಿ ಹಾಕಿದ್ದರೆ ಅವತ್ತು ವಿಮಾನವನ್ನು ಜಾಸ್ತಿ ಅನುಮಾನದಿಂದ ನೋಡಿ. ಹೊಸದಾಗಿ ರಿಪೇರಿ ಆದ ವಿಮಾನವೇ ಸೇಫ್ ಅಂತ ಜನ ಅಂದುಕೊಳ್ಳುತ್ತಾರೆ. ನಾವು ಹ್ಯಾಂಗರಿನವರು ಹಾಗೆ ಅಂದುಕೊಳ್ಳೋದಿಲ್ಲ.

ಪೆಟ್ರೋಲು: ಇಲ್ಲಿ ಆತುರ ಬೇಡ

ಸ್ಯಾಂಪಲ್ ತೆಗೆಯೋದು ವಿಮಾನವನ್ನು ಅಲ್ಲಾಡಿಸುವ ಮೊದಲು. ನೀರು ಪೆಟ್ರೋಲಿಗಿಂತ ಭಾರ, ರಾತ್ರಿಯೆಲ್ಲ ನಿಧಾನಕ್ಕೆ ತಳ ಸೇರಿರುತ್ತೆ. ವಿಮಾನ ಎಳೆದಾಡಿದರೆ ಮತ್ತೆ ಕದಡುತ್ತೆ. ಇಂಧನ ತುಂಬಿಸಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ತೆಗೆಯಿರಿ. ಎರಡೂ ರೆಕ್ಕೆಯಿಂದ, ಮತ್ತೆ ಮೂಗಿನ ಹತ್ತಿರದ ಸ್ಟ್ರೇನರಿನಿಂದಲೂ (ಪೆಟ್ರೋಲ್ ಸೋಸುವ ಜಾಲರಿ) ಬೇಕು. 172ರ ಹೊಸ ಮಾದರಿ 172ಎಸ್‌ನಲ್ಲಿ ಇಂಥ ಜಾಗ 13 ಇವೆ. ಬೆಳಿಗ್ಗೆ ಆರು ಗಂಟೆಗೆ ಸಾಲಿನಲ್ಲಿ ನಿಂತು 13 ಸಲ ಬಗ್ಗೋದು ಬೇಜಾರೇ. ಆದರೂ ಹದಿಮೂರೂ ನೋಡಿ.

ಕಪ್ಪಿನಲ್ಲಿ ಮೂರು ವಿಷಯ ನೋಡಿ. ಬಣ್ಣ ನೀಲಿ ಇದೆಯಾ, ತಳದಲ್ಲಿ ಗುಳ್ಳೆಯಂಥ ನೀರು ಇದೆಯಾ, ಕಸ ಇದೆಯಾ. ಬಣ್ಣ ಪೇಲವ ಅನ್ನಿಸಿದರೆ ಎರಡು ಬೆರಳಿಗೆ ಹಚ್ಚಿ ಉಜ್ಜಿ. ವಿಮಾನದ ಪೆಟ್ರೋಲು ಬೇಗ ಆರಿಹೋಗುತ್ತೆ. ಸೀಮೆಎಣ್ಣೆಯ ಹಾಗೆ ಜಿಡ್ಡು ಉಳಿದರೆ ಅದರಲ್ಲಿ ಜೆಟ್ ಇಂಧನ ಸೇರಿರಬಹುದು. ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿದರೂ ಗೊತ್ತಾಗುತ್ತೆ, ಜೆಟ್ ಇಂಧನ ಎಣ್ಣೆಯ ಕಲೆ ಬಿಡುತ್ತೆ. ತಪ್ಪಿ ಜೆಟ್ ಇಂಧನ ತುಂಬಿದ ಪಿಸ್ಟನ್ ಎಂಜಿನ್ ಪಾರ್ಕಿಂಗಿನಲ್ಲಿ ಚೆನ್ನಾಗೇ ಓಡಬಹುದು. ಪೂರ್ತಿ ಥ್ರಾಟಲ್ ಕೊಟ್ಟಾಗ ಒಳಗೆ ನಾಕ್, ಅಂದ್ರೆ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯೋದು, ಶುರುವಾಗಿ ಪಿಸ್ಟನ್ನೇ ಸುಟ್ಟುಹೋಗುತ್ತೆ. ಆದ್ದರಿಂದ ಇಂಧನ ಹಾಕುವಾಗ ಪಕ್ಕದಲ್ಲೇ ನಿಲ್ಲಿ. ಆ ಹೊತ್ತಿನಲ್ಲಿ ಚಹಾಕ್ಕೆ ಹೋಗಬೇಡಿ.

ಎಷ್ಟಿದೆ ಅಂತ ತಿಳಿಯೋಕೆ ಗೇಜ್ ನಂಬಬೇಡಿ. ರೆಕ್ಕೆ ಹತ್ತಿ ಡಿಪ್‌ಸ್ಟಿಕ್ ಇಳಿಸಿ ಕಣ್ಣಾರೆ ನೋಡಿ. ಎಂಜಿನ್ ನಿಂತ ಕಾರಣ ಬರೀ ಪೆಟ್ರೋಲ್ ಮುಗಿದದ್ದು ಅಂತ ಆದ ಅಪಘಾತಗಳು ಇವತ್ತಿಗೂ ನಿಂತಿಲ್ಲ. ಮುಚ್ಚಳ ತೆಗೆದಾಗ ರಬ್ಬರ್ ರಿಂಗನ್ನು ಉಗುರಿನಿಂದ ಒತ್ತಿ. ಮೆತ್ತಗೆ ಇರಬೇಕು.

ಇನ್ನು ವೆಂಟ್. ಎಡ ರೆಕ್ಕೆಯ ಕೆಳಗೆ, ಸ್ಟ್ರಟ್ಟಿನ (ರೆಕ್ಕೆಗೆ ಆಸರೆಯಾದ ಕಂಬಿ) ಹತ್ತಿರ ಒಂದು ಸಣ್ಣ ಕೊಳವೆ ಇದೆ. ಅಡುಗೆ ಎಣ್ಣೆ ಡಬ್ಬಕ್ಕೆ ಒಂದೇ ತೂತು ಕೊರೆದರೆ ಎಣ್ಣೆ ಗೊಳಕ್ ಗೊಳಕ್ ಅಂತ ನಿಂತು ನಿಂತು ಬರುತ್ತೆ ಅಲ್ವಾ? ಗಾಳಿಗೆ ಅಂತ ಎರಡನೆಯ ತೂತು ಬೇಕು. ವೆಂಟ್ ಅಂದ್ರೆ ಆ ಎರಡನೆಯ ತೂತು. ನಮ್ಮ ಕಡೆ ಕುಂಬಾರ ಹುಳಕ್ಕೆ ಈ ಕೊಳವೆ ಅಂದ್ರೆ ಬಹಳ ಇಷ್ಟ. ನಾಲ್ಕು ದಿನ ವಿಮಾನ ನಿಂತರೆ ಸಾಕು, ಒಳಗೆ ಮಣ್ಣು ಮೆತ್ತಿಬಿಡುತ್ತೆ. ಬೇಸಿಗೆಯಲ್ಲಿ ಇದನ್ನು ದಿನಾ ನೋಡಿ.

ಕೌಲಿಂಗ್ ಒಳಗೆ ಇಣುಕಿ

ಕೌಲಿಂಗ್ ಅಂದ್ರೆ ಎಂಜಿನ್ನಿನ ಹೊದಿಕೆ. ಅದರ ಮುಂದಿನ ಎರಡು ಗಾಳಿ ಕಿಂಡಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಮೈನಾ, ಗುಬ್ಬಿಗಳಿಗೆ ಒಂದು ಬೆಳಗಿನ ಹೊತ್ತು ಸಾಕು, ಸಿಲಿಂಡರ್ ಮೇಲೆ ಹುಲ್ಲು ಪೇರಿಸಿರುತ್ತವೆ. ಗೂಡು ಅಂದ್ರೆ ಗಾಳಿ ತಡೆ, ಗಾಳಿ ತಡೆ ಅಂದ್ರೆ ಬಿಸಿ, ಜೊತೆಗೆ ಬೆಂಕಿಯ ಭಯ ಬೇರೆ.

ಎಣ್ಣೆ ಕಡ್ಡಿ ಎಳೆದು ಮಟ್ಟ ನೋಡಿ. 172ಎಸ್‌ನಲ್ಲಿ 5 ಕ್ವಾರ್ಟಿಗಿಂತ (ಒಂದು ಕ್ವಾರ್ಟ್ ಅಂದ್ರೆ ಒಂದು ಲೀಟರಿಗೆ ತುಸು ಕಮ್ಮಿ) ಕಡಿಮೆ ಇದ್ದರೆ ಹೊರಡಬಾರದು. ಮಟ್ಟಕ್ಕಿಂತ ಮುಖ್ಯವಾದದ್ದು ಮಟ್ಟದ ಚರಿತ್ರೆ. ಮೂರು ಗಂಟೆಗೆ ಅರ್ಧ ಕ್ವಾರ್ಟ್ ಕುಡಿಯುತ್ತಿದ್ದ ಎಂಜಿನ್ ಈ ವಾರ ಅಷ್ಟೇ ಹೊತ್ತಿಗೆ ಒಂದು ಕ್ವಾರ್ಟ್ ಕುಡಿದರೆ ಒಳಗೆ ಏನೋ ಬದಲಾಗಿದೆ. ಎಷ್ಟು ಹಾಕಿದಿರಿ ಅಂತ ಪ್ರತಿ ಸಲ ಬರೆದರೆ ಮಾತ್ರ ಇದು ಗೊತ್ತಾಗೋದು. ಕಡ್ಡಿಯನ್ನು ವಾಪಸ್ ಹಾಕುವಾಗ ಬಲ ಪ್ರಯೋಗ ಬೇಡ, ಬಿಸಿ ಎಂಜಿನ್ನಿನಲ್ಲಿ ಕಚ್ಚಿಕೊಂಡುಬಿಡುತ್ತೆ.

ಕಲೆಗಳನ್ನು ಓದೋಕೆ ಕಲಿಯಿರಿ. ನೀಲಿ ಕಲೆ ಅಂದ್ರೆ ಪೆಟ್ರೋಲ್ ಸೋರಿ ಆರಿದೆ. ಎಗ್ಸಾಸ್ಟ್ ಪೈಪಿನ ಜಾಯಿಂಟಿನಲ್ಲಿ ಬೂದಿ ಬಣ್ಣದ ಪುಡಿ ಇದ್ದರೆ ಅಲ್ಲಿ ಹೊಗೆ ಸೋರುತ್ತಿದೆ. ಹೊಟ್ಟೆಯ ಕೆಳಗೆ ಕಪ್ಪು ಎಣ್ಣೆ ಗೆರೆ ಎಲ್ಲಾ ವಿಮಾನಕ್ಕೂ ಸ್ವಲ್ಪ ಇರುತ್ತೆ, ಆದರೆ ನಿನ್ನೆಗಿಂತ ಅಗಲವಾಗಿದ್ದರೆ ಕೇಳಿ. ವಿಮಾನ ತೊಳೆದು ಇಡೋದು ಅಂದಕ್ಕಾಗಿ ಅಂತ ಅಂದುಕೊಂಡಿದ್ದೀರಾ? ಸ್ವಚ್ಛ ಎಂಜಿನ್ನಿನಲ್ಲಿ ಹೊಸ ಸೋರಿಕೆ ಮರುದಿನವೇ ಕಾಣುತ್ತೆ.

ಪ್ರೊಪೆಲರ್ ಅಂಚಿನ ಮೇಲೆ ಬೆರಳು ಆಡಿಸಿ, ಕಲ್ಲು ಬಡಿದ ಕಚ್ಚು ಸಿಕ್ಕಿದರೆ ಎಂಜಿನಿಯರಿಗೆ ತೋರಿಸಿ. ಅದನ್ನು ಮುಟ್ಟುವಾಗ ಮಾತ್ರ ಎಂಜಿನ್ ಈಗಲೇ ಸ್ಟಾರ್ಟ್ ಆಗುತ್ತೆ ಅನ್ನೋ ಹಾಗೆ ನಿಂತುಕೊಳ್ಳಿ. ಮ್ಯಾಗ್ನೆಟೊಗೆ ಬ್ಯಾಟರಿ ಬೇಕಾಗಿಲ್ಲ. ಕಿಡಿಯನ್ನು ಆಫ್ ಮಾಡುವ ಅದರ ಗ್ರೌಂಡ್ ವೈರ್ ತುಂಡಾಗಿದ್ದರೆ ಕೀಲಿ ನಿಮ್ಮ ಜೇಬಿನಲ್ಲಿದ್ದರೂ ಕಿಡಿ ಹಾರುತ್ತೆ.

ಸ್ಟಾರ್ಟ್ ಮತ್ತು ರನ್-ಅಪ್

ಸ್ಟಾರ್ಟ್ ಆದ 30 ಸೆಕೆಂಡಿನೊಳಗೆ ಎಣ್ಣೆ ಒತ್ತಡ ಏರಬೇಕು. ಏರದಿದ್ದರೆ ಆಫ್ ಮಾಡಿ. "ಇನ್ನೊಂದು ಹತ್ತು ಸೆಕೆಂಡ್ ನೋಡೋಣ" ಅನ್ನೋದು ಬೇರಿಂಗಿನ ಲೆಕ್ಕದಲ್ಲಿ ಬಹಳ ದುಬಾರಿ.

ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಎಂಜಿನ್ ಒಂದೆರಡು ನಿಮಿಷ ಗಡಗಡ ನಡುಗಿ, ಬಿಸಿಯಾದ ಮೇಲೆ ಸರಿಹೋಗುತ್ತಿದೆಯಾ? ಚಳಿಗೆ ಹೀಗೆ ಅಂತ ಹೇಳಿ ಬಿಟ್ಟುಬಿಡುವವರೇ ಜಾಸ್ತಿ. ಲೈಕಮಿಂಗ್ ಕಂಪನಿಯ ಎಂಜಿನ್ನುಗಳಲ್ಲಿ ಇದು ಎಗ್ಸಾಸ್ಟ್ ವಾಲ್ವ್ ತನ್ನ ಗೈಡಿನಲ್ಲಿ (ವಾಲ್ವ್ ಓಡಾಡುವ ಕೊಳವೆ) ಅಂಟಿಕೊಳ್ಳಲು ಶುರುವಾದ ಲಕ್ಷಣ. ಇವತ್ತು ಎರಡು ನಿಮಿಷ ಅಂಟಿ ಬಿಡುವ ವಾಲ್ವ್ ಒಂದು ದಿನ ಪೂರ್ತಿ ಕಚ್ಚಿಕೊಂಡು ವಾಲ್ವ್ ತೆರೆಸುವ ಪುಶ್ ರಾಡ್ ಬಗ್ಗಿಸುತ್ತೆ. ಆಗ ನೀವು ನೆಲದ ಮೇಲೆ ಇರುತ್ತೀರಿ ಅನ್ನೋ ಖಾತ್ರಿ ಇಲ್ಲ. ಆ ಎರಡು ನಿಮಿಷದ ನಡುಕವನ್ನು ಪುಸ್ತಕದಲ್ಲಿ ಬರೆಯಿರಿ.

ರನ್-ಅಪ್ಪಿನಲ್ಲಿ, ಅಂದ್ರೆ ಹೊರಡುವ ಮೊದಲಿನ ಎಂಜಿನ್ ಪರೀಕ್ಷೆಯಲ್ಲಿ, 1700 ಆರ್‌ಪಿಎಂ ಇಟ್ಟು ಒಂದೊಂದೇ ಮ್ಯಾಗ್ನೆಟೊ ನೋಡುತ್ತೀರಿ. 152ರಲ್ಲಿ ಇಳಿತ 125ಕ್ಕಿಂತ ಜಾಸ್ತಿ ಇರಬಾರದು, ಎರಡರ ನಡುವಿನ ವ್ಯತ್ಯಾಸ 50 ದಾಟಬಾರದು. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನಂದ್ರೆ, ಸ್ವಲ್ಪವೂ ಇಳಿಯದಿದ್ದರೆ ಅದೂ ಕೆಟ್ಟದ್ದೇ. ಒಂದನ್ನು ಆಫ್ ಮಾಡಿದರೂ ಅದು ಆಫ್ ಆಗಿಲ್ಲ ಅಂತ ಅರ್ಥ, ಮೇಲೆ ಹೇಳಿದ ತುಂಡಾದ ಗ್ರೌಂಡ್ ವೈರ್ ಇದೇ. "ನಮ್ಮ ವಿಮಾನ ಎಷ್ಟು ಚೆನ್ನಾಗಿದೆ ನೋಡಿ ಸರ್, ಡ್ರಾಪೇ ಇಲ್ಲ" ಅಂತ ಖುಷಿಪಟ್ಟವರನ್ನು ನಾನು ನೋಡಿದ್ದೇನೆ.

ಇಳಿತ ಜಾಸ್ತಿ ಬಂದು ಎಂಜಿನ್ ನಡುಗಿದರೆ ಮೊದಲು ಪ್ಲಗ್ಗಿನಲ್ಲಿ ಸೀಸ ಕಟ್ಟಿರುವ ಅನುಮಾನ. ಮಿಕ್ಸ್ಚರ್ ಸ್ವಲ್ಪ ಲೀನ್ ಮಾಡಿ (ಗಾಳಿಗೆ ಬೆರೆಯುವ ಪೆಟ್ರೋಲ್ ಕಡಿಮೆ ಮಾಡಿ) ಸ್ವಲ್ಪ ಹೊತ್ತು ಓಡಿಸಿದರೆ ಸುಟ್ಟು ಹೋಗಬಹುದು. ಹೋಗದಿದ್ದರೆ ಹಿಂದಿರುಗಿ. ಮೂರನೆಯ ಪ್ರಯತ್ನದಲ್ಲಿ 120 ಬಂತು ಅಂತ ಹೊರಡೋದು ನನಗೆ ಒಪ್ಪಿಗೆಯಿಲ್ಲ.

ಬೆಂಗಳೂರಿನ ಮಳೆಗಾಲ ಮತ್ತು ಕಾರ್ಬ್ಯುರೇಟರಿನ ಮಂಜು

ಮಂಜುಗಡ್ಡೆ ಅಂದ್ರೆ ಹಿಮಾಲಯದ ವಿಷಯ ಅಂತ ನಮ್ಮವರು ಓದಿ ಮರೆತುಬಿಡುತ್ತಾರೆ. ಕಾರ್ಬ್ಯುರೇಟರಿಗೆ ಹಿಮಾಲಯ ಬೇಕಿಲ್ಲ. ಮಣ್ಣಿನ ಮಡಕೆಯ ನೀರು ತಣ್ಣಗಾಗುವ ಲೆಕ್ಕವೇ ಇಲ್ಲೂ ನಡೆಯೋದು: ಪೆಟ್ರೋಲು ಆವಿಯಾಗುವಾಗ ಸುತ್ತಲಿನ ಬಿಸಿ ಎಳೆದುಕೊಳ್ಳುತ್ತೆ, ಕಿರಿದಾದ ಗಂಟಲಿನಲ್ಲಿ ಗಾಳಿಯ ಒತ್ತಡ ಇಳಿದು ಇನ್ನಷ್ಟು ತಣ್ಣಗಾಗುತ್ತೆ. ಹೊರಗೆ 20 ಡಿಗ್ರಿ ಇದ್ದರೂ ಒಳಗೆ ಸೊನ್ನೆಗಿಂತ ಕೆಳಗೆ ಹೋಗಬಹುದು. ಗಾಳಿಯಲ್ಲಿ ತೇವ ಇದ್ದರೆ ಅಲ್ಲಿ ಮಂಜು ಕಟ್ಟುತ್ತೆ. ಜುಲೈ ತಿಂಗಳ ಬೆಂಗಳೂರಿನ ಬೆಳಿಗ್ಗೆ, ಸುಮಾರು 20 ಡಿಗ್ರಿ, ಮೋಡ, ಜಿಟಿಜಿಟಿ ಮಳೆ ಅಂದ್ರೆ ಇದಕ್ಕೆ ಹೇಳಿ ಮಾಡಿಸಿದ ಹವೆ. 

ಲಕ್ಷಣ ಸದ್ದಿಲ್ಲದೆ ಬರುತ್ತೆ. ಥ್ರಾಟಲ್ ಮುಟ್ಟಿಲ್ಲ, ಆದರೂ ಆರ್‌ಪಿಎಂ ಐವತ್ತು, ನೂರು ಅಂತ ಇಳಿಯುತ್ತೆ. ಕೈ ತನ್ನಷ್ಟಕ್ಕೆ ಥ್ರಾಟಲ್ ಮುಂದೆ ತಳ್ಳಿ ಸರಿಮಾಡುತ್ತೆ, ತಲೆಗೆ ಗೊತ್ತೇ ಆಗಿರೋದಿಲ್ಲ. ಕಾರ್ಬ್ಯುರೇಟರಿಗೆ ಬಿಸಿ ಗಾಳಿ ಕಳಿಸುವ ನಾಬ್, ಅಂದ್ರೆ ಕಾರ್ಬ್ ಹೀಟ್, ಪೂರ್ತಿ ಎಳೆಯಿರಿ, ಅರ್ಧ ಬೇಡ. ಮೊದಲು ಎಂಜಿನ್ ಇನ್ನೂ ಕೆಡುತ್ತೆ, ಕೆಮ್ಮುತ್ತೆ, ಯಾಕಂದ್ರೆ ಕರಗಿದ ನೀರು ಒಳಗೆ ಹೋಗುತ್ತಿದೆ. ಇಲ್ಲೇ ಹೊಸಬರು ಹೆದರಿ ನಾಬ್ ಒಳಗೆ ತಳ್ಳಿಬಿಡುತ್ತಾರೆ. ತಳ್ಳಬೇಡಿ. ಅದು ಕೆಮ್ಮಿ ಮುಗಿಸಲಿ, ಆರ್‌ಪಿಎಂ ಮೇಲೇರುತ್ತೆ. ಇಳಿಯೋಕೆ ಥ್ರಾಟಲ್ ಕಡಿಮೆ ಮಾಡುವ ಮೊದಲೇ ಕಾರ್ಬ್ ಹೀಟ್ ಎಳೆಯೋದನ್ನು ರೂಢಿ ಮಾಡಿಕೊಳ್ಳಿ. 172ಎಸ್‌ನಂಥ ಇಂಜೆಕ್ಷನ್ ಎಂಜಿನ್ನಿಗೆ ಕಾರ್ಬ್ಯುರೇಟರೇ ಇಲ್ಲ, ಹಾಗಾಗಿ ಈ ತಾಪತ್ರಯ ಇಲ್ಲ.

ಟೇಕಾಫ್‌ಗೆ ಮೊದಲು ಜೋರಾಗಿ ಹೇಳಿ

ರನ್‌ವೇ ಮೇಲೆ ನಿಂತು, ಎಂಜಿನ್ ಕೈಕೊಟ್ಟರೆ ಏನು ಮಾಡುತ್ತೀರಿ ಅಂತ ಬಾಯಿಬಿಟ್ಟು ಹೇಳಿ. ಒಬ್ಬರೇ ಇದ್ದರೂ ಹೇಳಿ. ರನ್‌ವೇ ಉಳಿದಿದ್ದರೆ ಅದರ ಮೇಲೇ ಇಳಿಯೋದು. ಉಳಿದಿಲ್ಲದಿದ್ದರೆ ಮೂಗು ಕೆಳಗೆ ಮಾಡಿ ನೇರ ಮುಂದೆ, ಹೆಚ್ಚೆಂದರೆ ಸ್ವಲ್ಪ ಎಡ ಬಲ. ತಿರುಗಿ ರನ್‌ವೇಗೆ ಬರುವ ಆಸೆ ಬೇಡ. 400 ಅಡಿಯಲ್ಲಿ ತಿರುಗಲು ಹೋಗಿ ಸ್ಟಾಲ್ ಆಗಿ, ಅಂದ್ರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡು, ನೆಲಕ್ಕೆ ಬಿದ್ದವರ ಪಟ್ಟಿ ಉದ್ದ ಇದೆ. ಬೆಂಗಳೂರಿನ ಜಕ್ಕೂರು ಏರ್‌ಫೀಲ್ಡಿನಂಥ ಕಡೆ ಇದು ಇನ್ನೂ ಕಷ್ಟ. 1948ರಲ್ಲಿ ಅಲ್ಲಿ ಸರ್ಕಾರಿ ತರಬೇತಿ ಶಾಲೆ ಶುರುವಾದಾಗ ಅದು ಊರಾಚೆಯ ಜಾಗ. ಈಗ ಒಂದು ಕಡೆ ಬಳ್ಳಾರಿ ರಸ್ತೆ, ಸುತ್ತ ಅಪಾರ್ಟ್‌ಮೆಂಟುಗಳು, ಒಂದು ಕೆರೆ. ಯಾವ ದಿಕ್ಕಿಗೆ ಹೊರಟರೆ ಎಲ್ಲಿ ಬಯಲು ಉಳಿದಿದೆ ಅಂತ ನೆಲದಲ್ಲೇ ನೋಡಿಟ್ಟುಕೊಳ್ಳಬೇಕು.

ಎತ್ತರದ ಲೆಕ್ಕವೂ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಹಳೆಯ 172ರ ಕೈಪಿಡಿ 3000 ಅಡಿ ದಾಟಿದ ಕಡೆ ಟೇಕಾಫ್‌ಗೆ ಮೊದಲು ಮಿಕ್ಸ್ಚರ್ ಲೀನ್ ಮಾಡಿ ಗರಿಷ್ಠ ಆರ್‌ಪಿಎಂ ಪಡೆಯಲು ಹೇಳುತ್ತೆ. ನಾವು ಆ ಗೆರೆಯ ಮೇಲೇ ಕೂತಿದ್ದೇವೆ. ಥ್ರಾಟಲ್ ಪೂರ್ತಿ ಕೊಟ್ಟ ಮೇಲೆ ಆರ್‌ಪಿಎಂ ಬರಬೇಕಾದಷ್ಟು ಬಂದಿದೆಯಾ, ಎಣ್ಣೆ ಒತ್ತಡ ಸರಿ ಇದೆಯಾ ನೋಡಿ. ಇಲ್ಲದಿದ್ದರೆ ಆಗಲೇ ನಿಲ್ಲಿಸಿ.

ನಿಂತೇಬಿಟ್ಟರೆ

ಮೊದಲ ಕೆಲಸ ವೇಗ, ಅಂದ್ರೆ ಎಂಜಿನ್ ಇಲ್ಲದೆ ಅತಿ ದೂರ ತೇಲಿಸುವ ವೇಗ. 152ಕ್ಕೆ 60 ನಾಟ್, ಹಳೆಯ 172ಕ್ಕೆ 65, 172ಎಸ್‌ಗೆ 68. ಮೂಗು ಇಳಿಸಿ ಆ ವೇಗ ಹಿಡಿದು ಟ್ರಿಮ್ ಮಾಡಿ (ಕೈಬಿಟ್ಟರೂ ಅದೇ ವೇಗ ನಿಲ್ಲುವಂತೆ ಹೊಂದಿಸಿ). ಗಾಳಿ ಇಲ್ಲದಿದ್ದರೆ ಪ್ರತಿ 1000 ಅಡಿಗೆ ಸುಮಾರು ಎರಡೂವರೆ ಕಿಲೋಮೀಟರ್ ತೇಲಬಹುದು.

ಎರಡನೆಯದು ಜಾಗ. ಗಾಳಿಯ ದಿಕ್ಕು ಹೊಗೆಯಿಂದ, ಕೆರೆಯ ಅಲೆಯಿಂದ ಗೊತ್ತಾಗುತ್ತೆ. ಕಟಾವು ಮುಗಿದ ರಾಗಿ, ಜೋಳದ ಹೊಲ ಸಿಕ್ಕರೆ ಅದೃಷ್ಟ. ಉಳುಮೆ ಮಾಡಿದ್ದರೆ ಸಾಲಿನ ಉದ್ದಕ್ಕೆ ಇಳಿಯಿರಿ, ಅಡ್ಡ ಇಳಿದರೆ ಮೂಗಿನ ಗಾಲಿ ಸಿಕ್ಕಿ ಪಲ್ಟಿ. ನೀರು ನಿಂತ ಗದ್ದೆಯೂ ಹಾಗೇ. ಕಬ್ಬಿನ ಗದ್ದೆ ಮೇಲಿಂದ ಹಸಿರು ಹಾಸಿಗೆ ಥರ ಕಾಣುತ್ತೆ, ಆದರೆ ಅದು ಆಳೆತ್ತರ ಬೆಳೆದಿರುತ್ತೆ. ರಸ್ತೆ ಚೆಂದ ಕಾಣುತ್ತೆ, ಪಕ್ಕದ ಕರೆಂಟ್ ತಂತಿ ಕಾಣೋದಿಲ್ಲ. 2023ರ ಮೇ ಕೊನೆಯಲ್ಲಿ ಬೆಳಗಾವಿ ಹತ್ತಿರ ತರಬೇತಿ ವಿಮಾನವೊಂದು ಹೊಲದಲ್ಲಿ ತುರ್ತಾಗಿ ಇಳಿಯಿತು, ಒಳಗಿದ್ದ ಇಬ್ಬರೂ ಬದುಕಿದರು.

ಎತ್ತರ ಇದ್ದರೆ ಮಾತ್ರ ಮೂರನೆಯದು, ಮತ್ತೆ ಸ್ಟಾರ್ಟ್ ಮಾಡುವ ಪ್ರಯತ್ನ. ಕಾರ್ಬ್ ಹೀಟ್ ಮೊದಲು, ಎಗ್ಸಾಸ್ಟ್ ಬಿಸಿ ಆರುವ ಮುಂಚೆ. ಆಮೇಲೆ ಇಂಧನದ ಸೆಲೆಕ್ಟರ್ (ಪೆಟ್ರೋಲ್ ಬಿಡುವ ಕವಾಟ), ಮಿಕ್ಸ್ಚರ್ ರಿಚ್ (ಪೆಟ್ರೋಲ್ ಪೂರ್ತಿ), ಮ್ಯಾಗ್ನೆಟೊ ಎರಡೂ, ಪ್ರೈಮರ್ (ಸ್ಟಾರ್ಟಿಗೆ ಪೆಟ್ರೋಲ್ ಚಿಮ್ಮಿಸುವ ಕೈಪಂಪು) ಒಳಗೆ ತಿರುಗಿಸಿ ಲಾಕ್. ಟವರಿಗೆ ಅಥವಾ ತುರ್ತು ಫ್ರೀಕ್ವೆನ್ಸಿ 121.5ರಲ್ಲಿ ಮೇಡೇ ಹೇಳಿ, ಟ್ರಾನ್ಸ್‌ಪಾಂಡರ್ (ರಾಡಾರಿಗೆ ವಿಮಾನದ ಗುರುತು ಕಳಿಸುವ ಸಾಧನ) ತುರ್ತು ಕೋಡ್ 7700ಕ್ಕೆ. ಆಗಲಿಲ್ಲ ಅಂದ್ರೆ ಪೆಟ್ರೋಲು, ಮಿಕ್ಸ್ಚರ್, ಮ್ಯಾಗ್ನೆಟೊ ಎಲ್ಲಾ ಆಫ್. ಫ್ಲಾಪ್ಸ್ ಇಳಿಸಿದ ಮೇಲೆ ಮಾಸ್ಟರ್ (ವಿದ್ಯುತ್ತಿನ ಮುಖ್ಯ ಸ್ವಿಚ್) ಆಫ್. ಬೆಲ್ಟ್ ಬಿಗಿ. ನೆಲ ಮುಟ್ಟುವ ಮೊದಲು ಬಾಗಿಲಿನ ಚಿಲಕ ತೆಗೆದಿಡಿ, ಬಡಿತಕ್ಕೆ ಚೌಕಟ್ಟು ಸೊಟ್ಟಗಾದರೆ ಬಾಗಿಲು ತೆರೆಯೋದಿಲ್ಲ.

ಹ್ಯಾಂಗರಿನೊಳಗೆ: ನಮ್ಮ ಪಾಲಿನ ತಪ್ಪುಗಳು

2015ರ ಮಾರ್ಚ್ 5ರಂದು ನಟ ಹ್ಯಾರಿಸನ್ ಫೋರ್ಡ್ ತಮ್ಮ 1942ರ ರಯಾನ್ ಪಿಟಿ-22 ವಿಮಾನದಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದಿಂದ ಹೊರಟರು. ಸ್ವಲ್ಪ ಹೊತ್ತಿಗೇ ಎಂಜಿನ್ ಸೋತಿತು. ಅವರು ಹತ್ತಿರದ ಗಾಲ್ಫ್ ಮೈದಾನದಲ್ಲಿ ಇಳಿಸಿದರು, ಜೋರಾಗಿ ಪೆಟ್ಟಾಯಿತು, ಬದುಕಿದರು. ಅಮೆರಿಕದ ತನಿಖೆಯಲ್ಲಿ ಕಂಡದ್ದು: ಕಾರ್ಬ್ಯುರೇಟರಿನ ಮುಖ್ಯ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಭಾಗ) ತನ್ನ ಜಾಗದಿಂದ ತಿರುಚಿಕೊಂಡು ಬಿಚ್ಚಿಬಂದಿತ್ತು. ಪೆಟ್ರೋಲ್ ಅಳತೆ ಮೀರಿ ನುಗ್ಗಿ ಎಂಜಿನ್ ಉಸಿರುಕಟ್ಟಿತು. ಕಾರಣ ಅಷ್ಟೇ, ಬೆರಳ ತುದಿಯಷ್ಟು ಗಾತ್ರದ ಒಂದು ಭಾಗ.

ನಮ್ಮ ಕೆಲಸದಲ್ಲಿ ಹೀಗೆ ಸಡಿಲ ಆಗುವ ಎಲ್ಲದಕ್ಕೂ ಒಂದು ಬೀಗ ಇರುತ್ತೆ: ಲಾಕ್‌ವೈರ್, ಸ್ಪ್ಲಿಟ್ ಪಿನ್, ಲಾಕ್ ವಾಷರ್. ಬೀಗ ಹಾಕುವ ಮೊದಲು ಯಾರಾದರೂ ಕರೆದರೆ ಆ ನಟ್ಟು ಮರೆತೇಹೋಗುತ್ತೆ. ಅದಕ್ಕೇ ಒಂದು ಪದ್ಧತಿ: ಫೋನ್ ಬಂದರೆ, ಊಟಕ್ಕೆ ಎದ್ದರೆ, ವಾಪಸ್ ಬಂದಾಗ ಬಿಟ್ಟ ಕಡೆಯಿಂದ ಶುರುಮಾಡಬೇಡಿ. ಮೂರು ಹೆಜ್ಜೆ ಹಿಂದಿನಿಂದ ಮತ್ತೆ ನೋಡುತ್ತಾ ಬನ್ನಿ. ಟಾರ್ಕ್ ಮಾಡಿದ, ಅಂದ್ರೆ ಅಳತೆಯಷ್ಟು ಬಿಗಿದ, ನಟ್ಟಿಗೆ ಬಣ್ಣದ ಗೆರೆ ಎಳೆಯಿರಿ. ಸಿಲಿಂಡರ್ ಬುಡದ ನಟ್ಟಿನಡಿ ಪೇಂಟು, ಸೀಲೆಂಟು ಉಳಿಯಬಾರದು. ಅದು ನಿಧಾನಕ್ಕೆ ತೆಳುವಾಗಿ, ಬಿಗಿದ ನಟ್ಟು ಸಡಿಲವಾಗುತ್ತೆ.

ಎರಡು ಮ್ಯಾಗ್ನೆಟೊಗಳನ್ನು ಒಂದೇ ದಿನ ಒಬ್ಬನೇ ಬಿಚ್ಚಿ ಕಟ್ಟೋದು ನನಗೆ ಸರಿ ಕಾಣೋದಿಲ್ಲ. ಎರಡು ಇಟ್ಟಿರೋದೇ ಒಂದು ಹೋದರೆ ಇನ್ನೊಂದು ಇರಲಿ ಅಂತ. ಅದೇ ಕೈ ಅದೇ ತಪ್ಪನ್ನು ಎರಡರಲ್ಲೂ ಮಾಡಿದರೆ ಎರಡಿದ್ದೂ ಏನು ಬಂತು?

ಎಣ್ಣೆ ಫಿಲ್ಟರ್ ಇರುವ ಎಂಜಿನ್ನಿಗೆ ಸಾಮಾನ್ಯವಾಗಿ 50 ಗಂಟೆಗೊಮ್ಮೆ ಎಣ್ಣೆ ಬದಲು. ಹಳೆಯ ಫಿಲ್ಟರನ್ನು ಬಿಸಾಡಬೇಡಿ, ಕತ್ತರಿಸಿ ತೆರೆಯಿರಿ. ಒಳಗಿನ ಕಾಗದ ಸೀರೆಯ ನೆರಿಗೆ ಥರ ಮಡಚಿರುತ್ತೆ. ನೆರಿಗೆ ಬಿಡಿಸಿ ಬಿಸಿಲಿಗೆ ಹಿಡಿದು ನಿಧಾನಕ್ಕೆ ಓರೆಮಾಡಿ. ಮಿಣುಕಿದರೆ ಅದು ಲೋಹ. ಆಯಸ್ಕಾಂತಕ್ಕೆ ಅಂಟಿದರೆ ಕಬ್ಬಿಣ, ಕ್ಯಾಮ್ ಅಥವಾ ಟ್ಯಾಪೆಟ್ (ವಾಲ್ವ್ ತೆರೆಸುವ ಭಾಗಗಳು) ಸವೆಯುತ್ತಿರಬಹುದು. ಅಂಟದಿದ್ದರೆ ಅಲ್ಯೂಮಿನಿಯಂನಂಥ ಲೋಹ, ಪಿಸ್ಟನ್ ಪಿನ್ನಿನ ಪ್ಲಗ್ ಇರಬಹುದು. ತಿಂಗಳುಗಟ್ಟಲೆ ಸುಮ್ನೆ ನಿಂತ ಲೈಕಮಿಂಗ್ ಎಂಜಿನ್ನಿನಲ್ಲಿ ಕ್ಯಾಮ್ ಸವೆಯೋದು ಜಾಸ್ತಿ. ಅದರ ಕ್ಯಾಮ್‌ಶಾಫ್ಟ್ ಮೇಲ್ಗಡೆ ಇರೋದ್ರಿಂದ ಎಣ್ಣೆ ಇಳಿದುಹೋಗಿ ತುಕ್ಕು ಹಿಡಿಯುತ್ತೆ. ವಾರಕ್ಕೊಮ್ಮೆ ಹತ್ತು ನಿಮಿಷ ನೆಲದಲ್ಲೇ ಓಡಿಸಿದರೆ ಸರಿಹೋಗೋದಿಲ್ಲ, ತೇವ ಹೋಗುವಷ್ಟು ಎಣ್ಣೆ ಬಿಸಿಯೇ ಆಗಿರೋದಿಲ್ಲ. ಹಾರಿಸಿ, ಇಲ್ಲವೇ ಕೈಪಿಡಿಯಲ್ಲಿ ಹೇಳಿದ ಹಾಗೆ ಸಂರಕ್ಷಣೆ ಮಾಡಿ ಇಡಿ.

ಪ್ರೊಪೆಲರ್ ಏನಕ್ಕಾದರೂ ಬಡಿದಿದ್ದರೆ, ಎಂಜಿನ್ ಚೆನ್ನಾಗೇ ಓಡುತ್ತಿದ್ದರೂ ಬಿಚ್ಚಿ ನೋಡಬೇಕು. ಆ ಏಟು ಕ್ರ್ಯಾಂಕ್‌ಶಾಫ್ಟಿನವರೆಗೂ ಹೋಗಿರುತ್ತೆ. ಇಳಿಯುವಾಗ ಹಾಗೇನಾದರೂ ಆಗಿದ್ದರೆ, ದಯವಿಟ್ಟು ಮುಚ್ಚಿಡಬೇಡಿ. ಬೈಗುಳ ಒಂದು ದಿನದ್ದು.

ಕೌಲಿಂಗ್ ಮುಚ್ಚುವ ಮುಂಚೆ ಟೂಲ್ ಬೋರ್ಡ್ ನೋಡಿ. ಪ್ರತಿ ಸ್ಪ್ಯಾನರಿನ ಆಕಾರದ ನೆರಳು ಬರೆದಿರುತ್ತೆ, ಖಾಲಿ ನೆರಳು ಇದ್ದರೆ ಆ ಸ್ಪ್ಯಾನರ್ ವಿಮಾನದೊಳಗೆ ಇರಬಹುದು. ಒಮ್ಮೆ ಸಂಜೆ ಏಳಾಗಿತ್ತು, ಎಲ್ಲರಿಗೂ ಮನೆಗೆ ಹೋಗುವ ಅವಸರ. ಹೆಲ್ಪರ್ ಹುಡುಗ ಬಂದು "ಅಣ್ಣ, ನನ್ನ ಸಣ್ಣ ಟಾರ್ಚ್ ಸಿಕ್ತಿಲ್ಲ" ಅಂದ. ಅದು ಬೋರ್ಡಿನದ್ದಲ್ಲ, ಅವನ ಸ್ವಂತದ್ದು, ಹಾಗಾಗಿ ಲೆಕ್ಕದಲ್ಲಿ ಇರಲಿಲ್ಲ. ಗೊಣಗುತ್ತಾ ಕೌಲಿಂಗ್ ಮತ್ತೆ ಬಿಚ್ಚಿದೆವು. ಥ್ರಾಟಲ್ ಕೇಬಲ್ ಹತ್ತಿರ, ಎಂಜಿನ್ ಮೌಂಟ್ ಮೇಲೆ, ಇನ್ನೂ ಉರಿಯುತ್ತಾ ಬಿದ್ದಿತ್ತು. ಆಮೇಲಿಂದ ಸ್ವಂತ ವಸ್ತುಗಳನ್ನೂ ಬರೆದಿಟ್ಟೇ ಒಳಗೆ ಬಿಡುತ್ತಿದ್ದೆವು.

ಎಂಜಿನ್ ಕೆಲಸ ಆದ ಮೇಲಿನ ಮೊದಲ ಹಾರಾಟಕ್ಕೆ ಅನುಭವಿ ಪೈಲಟ್ ಒಬ್ಬರೇ ಹೋಗಲಿ, ಹಗಲಲ್ಲಿ, ಮೋಡ ಇಲ್ಲದ ದಿನ. ಅದಕ್ಕೂ ಮೊದಲು ಕೌಲಿಂಗ್ ತೆಗೆದು ಗ್ರೌಂಡ್ ರನ್ ಮಾಡಿ ಸೋರಿಕೆ ನೋಡಿ. ಮೇಲೇರಿ ಏರ್‌ಫೀಲ್ಡಿನ ಮೇಲೇ, ತೇಲಿಕೊಂಡು ವಾಪಸ್ ಬರುವಷ್ಟು ಎತ್ತರದಲ್ಲಿ ಅರ್ಧ ಗಂಟೆ ಸುತ್ತಿ, ಒತ್ತಡ ಮತ್ತು ಬಿಸಿಯ ಅಂಕಿಗಳನ್ನು ಹತ್ತು ನಿಮಿಷಕ್ಕೊಮ್ಮೆ ಬರೆದುಕೊಳ್ಳಲಿ. ಇಳಿದ ಮೇಲೆ ಕೌಲಿಂಗ್ ಮತ್ತೆ ತೆಗೆದು, ಬಿಸಿ ಎಂಜಿನ್ನಿನ ಕೆಳಗೆ ಬಿಳಿ ಬಟ್ಟೆ ಹಾಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಬಟ್ಟೆ ಎತ್ತಿ ನೋಡಿದ ಮೇಲೆ ವಿದ್ಯಾರ್ಥಿಗೆ ಕೊಡೋಣ.